ಬಿಸಿಲಿನ ಪೆಟ್ಟು ಬೀಳುವುದು ಜೀವಕೋಶದ ಹಂದರಕ್ಕೆ

ಹಾಸನ ಜಿಲ್ಲೆಗೆ ‘ಬಡವರ ಊಟಿ’ ಎಂಬ ಹೆಸರಿದೆ. ಸಕಲೇಶಪುರದ ಕಡೆಯ ಮಳೆ, ಮಂಜು ಕಂಡವರು ಈ ಹೆಸರನ್ನು ಒಪ್ಪಿಯಾರು. ಆದರೆ ಏಪ್ರಿಲ್ ತಿಂಗಳಲ್ಲಿ ಝುಹರ್ ಹೊತ್ತಿಗೆ ಚನ್ನರಾಯಪಟ್ಟಣ ತಾಲ್ಲೂಕಿನ ಜಿನನಾಥಪುರಕ್ಕೆ ಬಂದು ನಿಂತವರಿಗೆ ಊಟಿ ನೆನಪಾಗುವುದಿಲ್ಲ. ಊರು ಇರುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಕ್ಕದಲ್ಲಿ. ಹಗಲೆಲ್ಲ ಕಾದ ಬಂಡೆ ಸೂರ್ಯ ಮುಳುಗಿದ ಮೇಲೂ ಕಾವು ಬಿಡುತ್ತಿರುತ್ತದೆ. ಎದುರಿನ ದೊಡ್ಡಬೆಟ್ಟ ಹತ್ತಲು ಬರುವ ಪ್ರವಾಸಿಗರು ಚಪ್ಪಲಿಯನ್ನು ಕೆಳಗೇ ಬಿಟ್ಟು ಹೋಗಬೇಕು. ಕಾದ ಮೆಟ್ಟಿಲುಗಳ ಮೇಲೆ ನಗರದ ಮಕ್ಕಳು ಕುಣಿಯುತ್ತಾ ಹೆಜ್ಜೆ ಇಡುತ್ತಾರೆ. ಕಾಲುಚೀಲ ಹಾಕಿಕೊಂಡು ಹತ್ತುವವರೂ ಇದ್ದಾರೆ. ಅದೇ ಬಿಸಿಲಿನಲ್ಲಿ ಸುತ್ತಲಿನ ಹೊಲಗಳಲ್ಲಿ ಬರಿಗಾಲಲ್ಲಿ ನಡೆಯುವ ಹಿರಿಯರಿಗೆ ಅದರ ಪರಿವೆಯೇ ಇರುವುದಿಲ್ಲ.

ಕೇಳಿದರೆ “ಅಭ್ಯಾಸ ಆಗಿದೆ ಬಿಡಿ” ಎನ್ನುತ್ತಾರೆ. ಈ ಅಭ್ಯಾಸ ಎಂದರೇನು? ಅದು ದೇಹದಲ್ಲಿ ಎಲ್ಲಿ ಕೂತಿರುತ್ತದೆ? ಒಬ್ಬರು ತಾಳಿಕೊಳ್ಳುವ ಬಿಸಿಲು ಇನ್ನೊಬ್ಬರ ಜೀವ ತೆಗೆಯುವುದು ಏಕೆ?

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. 2024ರ ಜೂನ್ ತಿಂಗಳ ಹಜ್ಜ್ ವೇಳೆ ಮಕ್ಕಾದ ಮಸ್ಜಿದುಲ್ ಹರಾಮ್‌ನಲ್ಲಿ ಉಷ್ಣಾಂಶ 51.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ವರ್ಷ 1,301 ಯಾತ್ರಿಗಳು ಮೃತಪಟ್ಟರೆಂದು ಸೌದಿ ಸರಕಾರವೇ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಅನುಮತಿಪತ್ರವಿಲ್ಲದೆ ಬಂದವರಾಗಿದ್ದು, ನೆರಳು, ತಂಗುದಾಣಗಳ ಆಸರೆಯಿಲ್ಲದೆ ಬಿಸಿಲಿನಲ್ಲಿ ಬಹುದೂರ ನಡೆದಿದ್ದರು. ನಮ್ಮ ಮನೆಗಳಿಂದಲೂ ಪ್ರತಿವರ್ಷ ವೃದ್ಧ ತಂದೆ ತಾಯಿ ಹಜ್ಜ್, ಉಮ್ರಾಕ್ಕೆ ಹೊರಡುತ್ತಾರೆ. ಮಕ್ಕಳು ರಿಯಾದ್, ದಮ್ಮಾಮ್, ದುಬೈಗಳಲ್ಲಿ ಬಿಸಿಲಿನಲ್ಲಿ ದುಡಿಯುತ್ತಾರೆ. ಊರಿನಲ್ಲಿ ಉಳಿದವರು ತಗಡಿನ ಮಾಡಿನ ಅಡುಗೆಮನೆಯಲ್ಲೋ ಮದುವೆಯ ಬಿರಿಯಾನಿ ದೇಗಿನ ಮುಂದೆಯೋ ಬೇಯುತ್ತಾರೆ. ಆದ್ದರಿಂದ ಬಿಸಿ ನಮ್ಮ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು. ಅದನ್ನು ತಿಳಿಯಲು ಜೀವಕೋಶದ ಒಳಗೆ ಇಣುಕಿ ನೋಡಬೇಕು.

ಕೋಶದೊಳಗಿನ ಶಾಮಿಯಾನ

ನಮ್ಮ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಶಾಲೆಯ ಪುಸ್ತಕದ ಚಿತ್ರದಲ್ಲಿ ಜೀವಕೋಶವೆಂದರೆ ನೀರು ತುಂಬಿದ ಚೀಲ, ನಡುವೆ ಒಂದು ಕೇಂದ್ರ ಎಂಬಂತೆ ಕಾಣುತ್ತದೆ. ಆದರೆ ಬರೀ ನೀರಿನ ಚೀಲಕ್ಕೆ ಆಕಾರ ನಿಲ್ಲುವುದಿಲ್ಲ. ನರಕೋಶ ದಾರದಂತೆ ಉದ್ದವಾಗಿರುವುದು, ಕರುಳಿನ ಕೋಶ ಇಟ್ಟಿಗೆಯಂತೆ ಸಾಲಾಗಿ ನಿಲ್ಲುವುದು, ಸ್ನಾಯುವಿನ ಕೋಶ ಕುಗ್ಗಿ ಹಿಗ್ಗುವುದು, ಇವೆಲ್ಲ ಸಾಧ್ಯವಾಗುವುದು ಒಳಗೊಂದು ಹಂದರ ಇರುವುದರಿಂದ. ವಿಜ್ಞಾನಿಗಳು ಇದನ್ನು ಸೈಟೋಸ್ಕೆಲಿಟನ್ ಎನ್ನುತ್ತಾರೆ. ನಾವು ಇಲ್ಲಿ ಕೋಶದ ಹಂದರ ಎಂದೇ ಕರೆಯೋಣ.

ಮದುವೆ ಮನೆಯ ಮುಂದೆ ಹಾಕುವ ಶಾಮಿಯಾನವನ್ನು ನೆನಪಿಸಿಕೊಳ್ಳಿ. ಅಲ್ಲಿ ನೆಟ್ಟ ಕಂಬಗಳಿರುತ್ತವೆ, ಬಿಗಿದು ಕಟ್ಟಿದ ಹಗ್ಗಗಳಿರುತ್ತವೆ, ಮೇಲೆ ಬಟ್ಟೆ ಇರುತ್ತದೆ. ಕೋಶದ ಹಂದರದಲ್ಲಿಯೂ ಮೂರು ಬಗೆಯ ಎಳೆಗಳಿವೆ. ಕಂಬದಂತೆ ಇರುವುದು ಮೈಕ್ರೊಟ್ಯೂಬ್ಯೂಲ್ ಎಂಬ ಟೊಳ್ಳು ಕೊಳವೆ. ಕೋಶದೊಳಗೆ ಸಾಮಾನು ಸಾಗಿಸುವ ದಾರಿಯೂ ಅದೇ. ಹಗ್ಗದಂತೆ ಎಳೆದು ಬಿಗಿಯುವುದು ಆಕ್ಟಿನ್ ಎಂಬ ಸಣ್ಣ ಎಳೆ. ಇವೆರಡರ ನಡುವೆ, ಜಗ್ಗಿದರೂ ಹರಿಯದ ಗಟ್ಟಿ ನಾರಿನಂತಹ ಮೂರನೆಯ ಬಗೆಯಿದೆ. ವಿಮೆಂಟಿನ್, ಕೆರಾಟಿನ್ ಮುಂತಾದವು ಈ ಗುಂಪಿನವು. ನಮ್ಮ ಕೂದಲು, ಉಗುರು, ಹಿಮ್ಮಡಿಯ ದಪ್ಪ ಚರ್ಮ ಎಲ್ಲವೂ ಕೆರಾಟಿನ್ ತುಂಬಿದ ಕೋಶಗಳಿಂದಲೇ ಆದವು. ಬರಿಗಾಲಲ್ಲಿ ನಡೆಯುವ ಹಿರಿಯರ ಅಂಗಾಲು ದಡ್ಡುಗಟ್ಟಿರುವುದೂ ಇದರಿಂದಲೇ. ಇದು ಒಂದು ದಿನದಲ್ಲಿ ಆದದ್ದಲ್ಲ. ವರ್ಷಗಟ್ಟಲೆ ನಡೆದು ಬಂದದ್ದು.

ಈ ಎಳೆಗಳು ಎಷ್ಟು ಸಣ್ಣವು ಗೊತ್ತೇ? ತಲೆಗೂದಲಿನ ಅಡ್ಡಗಲ ಸುಮಾರು 80,000 ನ್ಯಾನೋಮೀಟರ್. ಕೊಳವೆಯಂತಹ ಎಳೆಯ ಅಡ್ಡಗಲ 25, ಆಕ್ಟಿನ್‌ನದ್ದು ಕೇವಲ 7 ನ್ಯಾನೋಮೀಟರ್.

ಶಾಮಿಯಾನಕ್ಕೂ ಕೋಶದ ಹಂದರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಶಾಮಿಯಾನ ಒಮ್ಮೆ ಕಟ್ಟಿದರೆ ಮದುವೆ ಮುಗಿಯುವವರೆಗೆ ಹಾಗೆಯೇ ನಿಲ್ಲುತ್ತದೆ. ಕೋಶದ ಹಂದರವಾದರೋ ಒಂದು ತುದಿಯಲ್ಲಿ ಬಿಚ್ಚಿಕೊಳ್ಳುತ್ತಾ ಇನ್ನೊಂದು ತುದಿಯಲ್ಲಿ ಕಟ್ಟಿಕೊಳ್ಳುತ್ತಾ ಇರುತ್ತದೆ. ಈ ಕಟ್ಟುವ ಮತ್ತು ಬಿಚ್ಚುವ ಕೆಲಸಗಳು ಸಮತೂಕದಲ್ಲಿದ್ದರೆ ಕೋಶಕ್ಕೆ ಆರೋಗ್ಯ. ಬಿಸಿ ಮೊದಲು ಕೆಡಿಸುವ ಸಂಗತಿಗಳಲ್ಲಿ ಈ ಸಮತೂಕವೂ ಒಂದು.

ಕಾವು ಹೆಚ್ಚಿದಾಗ

ನಮ್ಮ ದೇಹದ ಒಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ. ಹೊರಗೆ 10 ಡಿಗ್ರಿ ಇರಲಿ, 45 ಡಿಗ್ರಿ ಇರಲಿ, ದೇಹ ಇದನ್ನೇ ಕಾಪಾಡಿಕೊಳ್ಳಲು ಹೆಣಗುತ್ತದೆ. ಒಳಗಿನ ಉಷ್ಣಾಂಶ 40 ದಾಟಿ ಬುದ್ಧಿ ಮಂಕಾಯಿತೆಂದರೆ ಅದು ಬಿಸಿಲಾಘಾತ, ಅಂದರೆ ಹೀಟ್ ಸ್ಟ್ರೋಕ್. ಅಲ್ಲಾಹನು ನಮ್ಮ ದೇಹಕ್ಕೆ ಕೊಟ್ಟಿರುವ ಈ ಅಂತರ ಎಷ್ಟು ಕಿರಿದು ನೋಡಿ. ಆರೋಗ್ಯಕ್ಕೂ ಅಪಾಯಕ್ಕೂ ನಡುವೆ ಇರುವುದು ಮೂರು ನಾಲ್ಕು ಡಿಗ್ರಿ ಮಾತ್ರ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅಷ್ಟು ದೊಡ್ಡ ಅಪಾಯ ಏಕೆ? ಮೊಟ್ಟೆ ಬೇಯುವುದನ್ನು ದಿನವೂ ನೋಡುತ್ತೇವೆ. ಬಿಸಿ ತಾಗಿದೊಡನೆ ನೀರಿನಂತಿದ್ದ ಬಿಳಿಭಾಗ ಗಟ್ಟಿಯಾಗುತ್ತದೆ. ಮತ್ತೆ ತಣ್ಣಗೆ ಮಾಡಿದರೂ ಅದು ಮೊದಲಿನ ಹಾಗೆ ಆಗುವುದಿಲ್ಲ. ಮೊಟ್ಟೆಯಲ್ಲಿರುವ ಪ್ರೋಟೀನ್‌ಗಳ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಂಡದ್ದರ ಫಲ ಇದು. ನಮ್ಮ ಕೋಶಗಳೂ ಪ್ರೋಟೀನ್‌ಗಳಿಂದಲೇ ಆದವು. ಮೊಟ್ಟೆ ಬೇಯುವಷ್ಟು ಬಿಸಿ ನಮ್ಮ ಒಳಗೆ ಎಂದೂ ಏರುವುದಿಲ್ಲ, ನಿಜ. ಆದರೆ ಕೆಲವು ಪ್ರೋಟೀನ್‌ಗಳು 42, 43 ಡಿಗ್ರಿಗೇ ಹದ ತಪ್ಪುತ್ತವೆ.

ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳನ್ನು ಆ ಬಿಸಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಂದರ ಕುಸಿಯುವುದು ಕಣ್ಣಿಗೇ ಕಾಣುತ್ತದೆ. ಕೋಶದ ತುಂಬ ಬಲೆಯಂತೆ ಹರಡಿದ್ದ ವಿಮೆಂಟಿನ್ ನಾರುಗಳು ಮುದುರಿ ನಡುವಿನ ಕೇಂದ್ರದ ಸುತ್ತ ಮುದ್ದೆಯಾಗುತ್ತವೆ. ಆಕ್ಟಿನ್ ಹಗ್ಗಗಳ ಕಟ್ಟು ಸಡಿಲವಾಗುತ್ತದೆ. ಕೊಳವೆಗಳೂ ಹಲವು ಬಗೆಯ ಕೋಶಗಳಲ್ಲಿ ಬಿಚ್ಚಿಕೊಳ್ಳುತ್ತವೆ. ಶಾಮಿಯಾನದ ಗೂಟ ಕಿತ್ತರೆ ಬಟ್ಟೆ ಜೋಲುವಂತೆ ಕೋಶ ತನ್ನ ಆಕಾರ ಕಳೆದುಕೊಂಡು ದುಂಡಗಾಗುತ್ತದೆ.

ಬಿಸಿ ಮಿತವಾಗಿದ್ದು ಬೇಗ ಇಳಿದರೆ ಕೆಲವು ಗಂಟೆಗಳಲ್ಲಿ ನಾರುಗಳು ಮತ್ತೆ ಹರಡಿಕೊಳ್ಳುತ್ತವೆ, ಕೋಶ ಚೇತರಿಸಿಕೊಳ್ಳುತ್ತದೆ. ಬಿಸಿ ಹೆಚ್ಚಾಗಿದ್ದು ಬಹಳ ಹೊತ್ತು ಉಳಿದರೆ ಕೋಶ ಸಾಯುತ್ತದೆ. ಅಂದರೆ ಬಿಸಿ ಎಷ್ಟು ಏರಿತು ಎಂಬುದರ ಜೊತೆಗೆ ಎಷ್ಟು ಹೊತ್ತು ಉಳಿಯಿತು ಎಂಬುದೂ ಮುಖ್ಯ. ಇದನ್ನು ನೆನಪಿನಲ್ಲಿಡಿ. ಚಿಕಿತ್ಸೆಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ರಕ್ತದ ಕೆಂಪು ಕಣಗಳಲ್ಲಿ ಇದರ ಇನ್ನೊಂದು ಉದಾಹರಣೆ ಸಿಗುತ್ತದೆ. ಕೆಂಪು ಕಣದ ಪೊರೆಯ ಒಳಬದಿಗೆ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆ ಹೊಲಿದಂತೆ ಇರುತ್ತದೆ. ಸುಮಾರು 50 ಡಿಗ್ರಿಯಲ್ಲಿ ಈ ಬಲೆ ಕೆಡುತ್ತದೆ, ಕಣ ಚೂರುಚೂರಾಗುತ್ತದೆ. ದೇಹದ ಹೆಚ್ಚಿನ ಭಾಗ ಸುಟ್ಟವರ ರಕ್ತದಲ್ಲಿ ಇಂತಹ ಚೂರುಗಳು ಕಾಣಿಸಿಕೊಳ್ಳುತ್ತವೆ.

ಹಂದರ ಹಿಡಿದು ನಿಲ್ಲುವ ಕೆಲಸಗಾರರು

ಹಾಗಾದರೆ ಕೋಶಕ್ಕೆ ರಕ್ಷಣೆಯೇ ಇಲ್ಲವೇ? ಇದೆ. ಅದು ತಿಳಿದುಬಂದದ್ದು ಆಕಸ್ಮಿಕವಾಗಿ. ಇಟಲಿಯ ಫೆರುಚ್ಚೊ ರಿಟೋಸ್ಸಾ ಎಂಬ ವಿಜ್ಞಾನಿ ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡುತ್ತಿದ್ದರು. ಕೋಶಗಳನ್ನು ಇಟ್ಟಿದ್ದ ಪೆಟ್ಟಿಗೆಯ ಉಷ್ಣಾಂಶವನ್ನು ಯಾರೋ ಏರಿಸಿಬಿಟ್ಟಿದ್ದರು. ಆ ಕೋಶಗಳ ವರ್ಣತಂತುಗಳನ್ನು ನೋಡಿದಾಗ ಹಿಂದೆಂದೂ ಕಾಣದ ಉಬ್ಬುಗಳು ಕಂಡವು. ಬಿಸಿ ತಾಗಿದಾಗ ಕೆಲವು ಜೀನ್‌ಗಳು ಎಚ್ಚೆತ್ತು ಕೆಲಸ ಆರಂಭಿಸುತ್ತವೆ ಎಂಬುದರ ಗುರುತು ಅದು. ರಿಟೋಸ್ಸಾ ಇದನ್ನು 1962ರಲ್ಲಿ ಪ್ರಕಟಿಸಿದರು. ಆ ಜೀನ್‌ಗಳು ತಯಾರಿಸುವ ಪ್ರೋಟೀನ್‌ಗಳನ್ನು 1974ರಲ್ಲಿ ಗುರುತಿಸಲಾಯಿತು. ಅವುಗಳಿಗೆ ಹೀಟ್ ಶಾಕ್ ಪ್ರೋಟೀನ್ ಎಂಬ ಹೆಸರು ಬಂತು. ನೊಣ, ಗಿಡ, ಮನುಷ್ಯ ಎನ್ನದೆ ಎಲ್ಲ ಜೀವಿಗಳಲ್ಲೂ ಇಂತಹ ಏರ್ಪಾಡು ಇದೆ.

ಈ ಪ್ರೋಟೀನ್‌ಗಳು ಗಾಳಿ ಎದ್ದಾಗ ಓಡಿ ಬಂದು ಶಾಮಿಯಾನದ ಕಂಬ ಹಿಡಿದು ನಿಲ್ಲುವ ಕೆಲಸಗಾರರ ಹಾಗೆ. ಮಡಿಕೆ ಬಿಚ್ಚುತ್ತಿರುವ ಪ್ರೋಟೀನನ್ನು ಅಂಟಿಕೊಳ್ಳಲು ಬಿಡದೆ ಹಿಡಿಯುತ್ತವೆ, ಮತ್ತೆ ಸರಿಯಾಗಿ ಮಡಿಸಲು ನೆರವಾಗುತ್ತವೆ. ಇವುಗಳಲ್ಲಿ ಎಚ್‌ಎಸ್‌ಪಿ-27 ಎಂಬ ಚಿಕ್ಕ ಪ್ರೋಟೀನಿಗೆ ಆಕ್ಟಿನ್ ಹಗ್ಗಗಳೊಡನೆ ವಿಶೇಷ ನಂಟಿದೆ. 1993ರಲ್ಲಿ ಕೆನಡಾದ ಕ್ವೆಬೆಕ್‌ನ ವಿಜ್ಞಾನಿಗಳು ಈ ಒಂದು ಪ್ರೋಟೀನನ್ನು ಹೆಚ್ಚಾಗಿ ತಯಾರಿಸುವಂತೆ ಮಾಡಿದ ಕೋಶಗಳನ್ನು ಬಿಸಿಗೆ ಒಡ್ಡಿ ನೋಡಿದರು. ಅವುಗಳ ಆಕ್ಟಿನ್ ಹಂದರ ಗಟ್ಟಿಯಾಗಿ ನಿಂತಿತು, ಕೋಶಗಳೂ ಹೆಚ್ಚು ಬದುಕಿದವು.

ಮುಂದೆ 2014ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೂ ಸ್ವಾರಸ್ಯಕರವಾದ ಸಂಗತಿ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ಮಣ್ಣಿನಲ್ಲಿ ಬದುಕುವ, ಒಂದು ಮಿಲಿಮೀಟರ್ ಉದ್ದದ ಹುಳುವನ್ನು. ಹೀಟ್ ಶಾಕ್ ಪ್ರೋಟೀನ್‌ಗಳ ತಯಾರಿಕೆಗೆ ಅಪ್ಪಣೆ ಕೊಡುವ ಒಂದು ಮುಖ್ಯ ಪ್ರೋಟೀನ್ ಇದೆ. ಹುಳುಗಳು ಬಿಸಿ ತಾಳುವುದು ಆ ಕೆಲಸಗಾರರ ಸಂಖ್ಯೆ ಹೆಚ್ಚುವುದರಿಂದಲೇ ಎಂದು ಅದುವರೆಗೆ ಬಹುಮಂದಿ ತಿಳಿದಿದ್ದರು. ಆದರೆ ಅಪ್ಪಣೆ ಕೊಡುವ ಪ್ರೋಟೀನನ್ನು ಮೊಟಕುಗೊಳಿಸಿ, ಕೆಲಸಗಾರರು ಹೆಚ್ಚದಂತೆ ಮಾಡಿದರೂ ಹುಳುಗಳು ಬಿಸಿಯನ್ನು ತಾಳಿಕೊಂಡವು, ಹೆಚ್ಚು ದಿನ ಬದುಕಿದವು. ಕಾರಣ, ಅದು ಆಕ್ಟಿನ್ ಹಂದರವನ್ನು ಕಾಪಾಡುವ ಜೀನ್‌ಗಳಿಗೂ ಅಪ್ಪಣೆ ಕೊಡುತ್ತಿತ್ತು. ಅಂತಹ ಒಂದು ಜೀನನ್ನು ಮಾತ್ರ ಹೆಚ್ಚಿಸಿದಾಗಲೂ ಅದೇ ಫಲ ಸಿಕ್ಕಿತು.

ಇದರ ತಾತ್ಪರ್ಯ ಇಷ್ಟೆ: ಹಂದರ ಕುಸಿಯುವುದು ಬಿಸಿಯ ಪರಿಣಾಮ ಮಾತ್ರವಲ್ಲ, ಹಂದರ ನಿಂತಿದೆಯೋ ಇಲ್ಲವೋ ಎಂಬುದರ ಮೇಲೆ ಆ ಜೀವಿ ಉಳಿಯುವುದೂ ನಿಂತಿದೆ.

ಸಸಿ ಹೇಳುವ ಪಾಠ

ಟೊಮೆಟೊ ಬೆಳೆಯುವ ನಮ್ಮ ರೈತರಿಗೆ ಒಂದು ಸಂಗತಿ ಗೊತ್ತಿದೆ. ನೆರಳುಪರದೆಯ ಕೆಳಗೆ ಬೆಳೆದ ಸಸಿಯನ್ನು ನೇರವಾಗಿ ಹೊಲಕ್ಕೆ ತಂದು ನೆಟ್ಟರೆ ಬಾಡುತ್ತದೆ. ನಾಲ್ಕಾರು ದಿನ ಸ್ವಲ್ಪ ಸ್ವಲ್ಪವಾಗಿ ಬಿಸಿಲು ತೋರಿಸಿ ನೆಟ್ಟರೆ ನಿಲ್ಲುತ್ತದೆ.

ಬೆಂಗಳೂರಿನ ಜಿಕೆವಿಕೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಬೆಳೆ ಶರೀರಕ್ರಿಯಾ ವಿಜ್ಞಾನಿಗಳು, ಪ್ರೊ. ಎಂ. ಉದಯಕುಮಾರ್ ಮತ್ತು ಸಂಗಡಿಗರು, ಇದೇ ತತ್ವವನ್ನು ಪರೀಕ್ಷೆಯ ವಿಧಾನವನ್ನಾಗಿ ರೂಪಿಸಿದರು. ಸೂರ್ಯಕಾಂತಿ, ಬಟಾಣಿ ಮುಂತಾದ ಬೆಳೆಗಳ ಎಳೆಯ ಮೊಳಕೆಗಳನ್ನು ಮೊದಲು ಕೆಲವು ಗಂಟೆ ನಿಧಾನವಾಗಿ ಏರುವ ಬಿಸಿಯಲ್ಲಿಟ್ಟು, ಆಮೇಲೆ ಜೀವ ತೆಗೆಯುವಷ್ಟು ಬಿಸಿಗೆ ಒಡ್ಡುತ್ತಾರೆ. ನೇರವಾಗಿ ಆ ಬಿಸಿಗೆ ಬಿದ್ದ ಮೊಳಕೆಗಳು ಸಾಯುತ್ತವೆ. ಮೊದಲು ಮಿತವಾದ ಬಿಸಿ ಕಂಡವುಗಳಲ್ಲಿ ಹಲವು ಬದುಕುತ್ತವೆ. ಅವುಗಳಲ್ಲೂ ಚೆನ್ನಾಗಿ ಬದುಕುವ ತಳಿಯನ್ನು ಆರಿಸಿ ಮುಂದಿನ ಬೆಳೆಗೆ ಬಳಸಬಹುದು. ಸೂರ್ಯಕಾಂತಿಯ ಕುರಿತ ಅವರ ಸಂಶೋಧನೆ 2003ರಲ್ಲಿ ಪ್ರಕಟವಾಯಿತು.

ಪ್ರಾಣಿಗಳ ಕೋಶಗಳಲ್ಲಿಯೂ ಇದೇ ನಡೆಯುತ್ತದೆ. ಮಿತವಾದ ಬಿಸಿ ಕಂಡು ಚೇತರಿಸಿಕೊಂಡ ಕೋಶದಲ್ಲಿ ಕೆಲಸಗಾರರು ಮೊದಲೇ ಸಿದ್ಧರಾಗಿರುತ್ತಾರೆ. ಎರಡನೆಯ ಸಲ ಹೆಚ್ಚು ಬಿಸಿ ಬಂದಾಗ ಹಂದರ ಅಷ್ಟು ಬೇಗ ಕುಸಿಯುವುದಿಲ್ಲ, ಕುಸಿದರೂ ಬೇಗ ಎದ್ದು ನಿಲ್ಲುತ್ತದೆ. ಆದರೆ ಈ ಸಿದ್ಧತೆ ಶಾಶ್ವತವಲ್ಲ. ಕೆಲವು ದಿನಗಳಲ್ಲಿ ಇಳಿದುಹೋಗುತ್ತದೆ.

ಮನುಷ್ಯನ ಇಡೀ ದೇಹ ಬಿಸಿಗೆ ಒಗ್ಗುವಾಗ ಕೋಶದ ಈ ಬದಲಾವಣೆಯ ಜೊತೆಗೆ ಇನ್ನೂ ಕೆಲವು ಬದಲಾವಣೆಗಳು ಆಗುತ್ತವೆ. ಬೆವರು ಬೇಗನೆ ಆರಂಭವಾಗುತ್ತದೆ, ಹೆಚ್ಚು ಸುರಿಯುತ್ತದೆ. ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯದ ಮೇಲಿನ ಹೊರೆ ಇಳಿಯುತ್ತದೆ. ಇದರ ಹೆಚ್ಚಿನ ಭಾಗ ಮೊದಲ ವಾರದಲ್ಲಿಯೇ ಆಗುತ್ತದೆ. ಪೂರ್ತಿಯಾಗಲು 10ರಿಂದ 14 ದಿನ ಬೇಕು. ತಂಪಿನಲ್ಲಿ ಕೆಲವು ವಾರ ಕಳೆದರೆ ಗಳಿಸಿದ್ದು ಹೋಗುತ್ತದೆ.

ಗಣಿ ಕೆಲಸಗಾರರಿಗೆ ಇದು ಸಾವು ಬದುಕಿನ ಪ್ರಶ್ನೆಯಾಗಿತ್ತು. ನಮ್ಮ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಅಲ್ಲಿ ಕೆಲಸಗಾರರು ಕುಸಿದು ಬೀಳುತ್ತಿದ್ದ ಪ್ರಕರಣಗಳನ್ನು ವಿಶ್ಲೇಷಿಸಿ ಎ. ಕ್ಯಾಪ್ಲನ್ ಎಂಬವರು 1944ರಲ್ಲಿ ದೀರ್ಘ ಪ್ರಬಂಧವನ್ನೇ ಪ್ರಕಟಿಸಿದ್ದರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಹೊಸಬರನ್ನು ಹಂತಹಂತವಾಗಿ ಬಿಸಿಗೆ ಒಗ್ಗಿಸಿ ಆಮೇಲೆಯೇ ಆಳಕ್ಕೆ ಇಳಿಸುವ ಪದ್ಧತಿ ಬಂತು.

ಕರುಳಿನ ಗೋಡೆ ಬಿರುಕು ಬಿಟ್ಟಾಗ

ಒಂದು ಕೋಶದ ಹಂದರ ಸಡಿಲವಾದರೆ ಇಡೀ ಮನುಷ್ಯ ಏಕೆ ಸಾಯಬೇಕು? ಇದಕ್ಕೆ ಉತ್ತರದ ಒಂದು ಭಾಗ ಕರುಳಿನಲ್ಲಿದೆ.

ಕರುಳಿನ ಒಳಗೋಡೆಯಲ್ಲಿ ಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ. ಪಕ್ಕಪಕ್ಕದ ಕೋಶಗಳನ್ನು ಬೆಸೆಯುವ ಬಿಗಿಯಾದ ಕೀಲುಗಳು ಒಳಬದಿಯಲ್ಲಿ ಆಕ್ಟಿನ್ ಹಗ್ಗಗಳಿಗೆ ಕಟ್ಟಿಕೊಂಡಿರುತ್ತವೆ. ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿದ್ದರೂ ಅವು ರಕ್ತಕ್ಕೆ ಇಳಿಯದಂತೆ ತಡೆಯುವುದು ಈ ಗೋಡೆ. ಬಿಸಿಲಿನಲ್ಲಿ ದೇಹ ತನ್ನನ್ನು ತಂಪಾಗಿಸಿಕೊಳ್ಳಲು ರಕ್ತವನ್ನು ಚರ್ಮದ ಕಡೆಗೆ ತಿರುಗಿಸುತ್ತದೆ. ಆಗ ಕರುಳಿಗೆ ರಕ್ತ ಕಡಿಮೆಯಾಗುತ್ತದೆ. ಒಂದು ಕಡೆ ಬಿಸಿ, ಇನ್ನೊಂದು ಕಡೆ ರಕ್ತದ ಕೊರತೆ. ಎರಡೂ ಸೇರಿ ಕೀಲುಗಳು ಸಡಿಲವಾಗುತ್ತವೆ. ಬ್ಯಾಕ್ಟೀರಿಯಾಗಳ ಮೈಯಿಂದ ಬಿಡುಗಡೆಯಾಗುವ ಎಂಡೊಟಾಕ್ಸಿನ್ ಎಂಬ ವಿಷ ರಕ್ತಕ್ಕೆ ಸೋರುತ್ತದೆ. ಸೋಂಕು ತಗಲಿತೆಂದು ಭಾವಿಸಿ ದೇಹದ ರಕ್ಷಣಾ ವ್ಯವಸ್ಥೆ ಕೆರಳುತ್ತದೆ. ರಕ್ತ ಹೆಪ್ಪುಗಟ್ಟುವ ಕ್ರಮ ಕೆಡುತ್ತದೆ. ಮೂತ್ರಪಿಂಡ, ಯಕೃತ್ತು, ಮೆದುಳು ಒಂದೊಂದಾಗಿ ಸೋಲುತ್ತವೆ.

ಇದನ್ನು ತಿಳಿಸಿಕೊಟ್ಟ ಸಂಶೋಧನೆಯಲ್ಲಿ ಸೌದಿ ಅರೇಬಿಯಾದ ಪಾಲು ದೊಡ್ಡದು. ಅಬ್ದುರ್ರಝಾಕ್ ಬೂಶಾಮಾ ಮತ್ತು ಸಂಗಡಿಗರು ಬಿಸಿಲಾಘಾತಕ್ಕೆ ತುತ್ತಾದವರ ರಕ್ತದಲ್ಲಿ ಎಂಡೊಟಾಕ್ಸಿನ್ ಏರಿರುವುದನ್ನು 1991ರಲ್ಲಿ ವರದಿ ಮಾಡಿದರು. ಬಿಸಿಲಾಘಾತವೆಂದರೆ ಬರೀ ಮೈ ಬಿಸಿಯಾಗುವುದಲ್ಲ, ಒಳಗಿನ ಗೋಡೆಗಳೇ ಸೋರುವ ಕಾಯಿಲೆ ಎಂಬುದು ಹೀಗೆ ಸ್ಪಷ್ಟವಾಯಿತು. ರೋಗಿಯ ಮೈ ತಣ್ಣಗಾದ ಮೇಲೂ ಆಸ್ಪತ್ರೆಗೆ ಒಯ್ಯಲೇಬೇಕು ಎನ್ನುವುದು ಇದಕ್ಕೇ.

ಹೊರಡುವ ಮುನ್ನ

ಹಾಸನ, ಹೊಳೆನರಸೀಪುರ, ಅರಕಲಗೂಡಿನ ತಂಪಿನಿಂದ ಎದ್ದು ವಿಮಾನ ಹತ್ತಿ ಕೆಲವೇ ಗಂಟೆಗಳಲ್ಲಿ ಮಕ್ಕಾದ ಬಿಸಿಲಿಗೆ ಇಳಿಯುವ ನಮ್ಮ ಹಿರಿಯರು ನೆರಳುಪರದೆಯಿಂದ ನೇರವಾಗಿ ಹೊಲಕ್ಕೆ ಬಂದ ಸಸಿಯ ಹಾಗೆ. ಹಜ್ಜ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಮುಂದಿನ ವರ್ಷಗಳಲ್ಲಿ ಕಡುಬೇಸಿಗೆಯಿಂದ ದೂರವಾಗುತ್ತದೆ. ಆದರೆ ಉಮ್ರಾಕ್ಕೆ ವರ್ಷವಿಡೀ ಹೋಗುತ್ತಾರೆ, ದುಡಿಯಲೂ ವರ್ಷವಿಡೀ ಹೋಗುತ್ತಾರೆ. ಆದ್ದರಿಂದ ಇವುಗಳನ್ನು ಗಮನದಲ್ಲಿಡಿ.

ಹೊರಡುವ ಎರಡು ಮೂರು ವಾರ ಮೊದಲೇ ದಿನವೂ ನಡೆಯುವ ಅಭ್ಯಾಸ ಮಾಡಿ. ಮೊದಲು ಬೆಳಗಿನ ತಂಪಿನಲ್ಲಿ 15 ನಿಮಿಷ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೊತ್ತನ್ನೂ ಬಿಸಿಲನ್ನೂ ಹೆಚ್ಚಿಸಿ. ಬೆವರು ಬರುವಷ್ಟು ನಡೆದರೆ ಸಾಕು, ಬಳಲುವಷ್ಟು ಬೇಡ. ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರು, 60 ದಾಟಿದವರು ವೈದ್ಯರನ್ನು ಕೇಳಿಯೇ ಆರಂಭಿಸಿ. ವಯಸ್ಸಾದಂತೆ ಬೆವರುವ ಶಕ್ತಿ, ಬಾಯಾರಿಕೆಯ ಅರಿವು, ಕೋಶದೊಳಗಿನ ಕೆಲಸಗಾರರ ಚುರುಕು ಮೂರೂ ಕಡಿಮೆಯಾಗುತ್ತವೆ.

ಬಿಪಿಗೆ ಕೊಡುವ ನೀರಿಳಿಸುವ ಮಾತ್ರೆ, ಕೆಲವು ಅಲರ್ಜಿ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಔಷಧಗಳು ಬಿಸಿ ತಾಳುವ ಶಕ್ತಿಯನ್ನು ತಗ್ಗಿಸುತ್ತವೆ. ಹಾಗೆಂದು ತಾವಾಗಿಯೇ ನಿಲ್ಲಿಸಬೇಡಿ. ಯಾತ್ರೆಗೆ ಮೊದಲು ಚೀಟಿಯನ್ನು ವೈದ್ಯರಿಗೆ ತೋರಿಸಿ.

ತಲುಪಿದ ಮೊದಲ ಮೂರು ನಾಲ್ಕು ದಿನ ಎಚ್ಚರ ಹೆಚ್ಚಿರಲಿ. ತವಾಫ್, ಸಈ ಮುಂತಾದವುಗಳನ್ನು ಆದಷ್ಟು ರಾತ್ರಿ ಇಲ್ಲವೇ ಫಜ್ರ್ ನಂತರದ ಹೊತ್ತಿಗೆ ಇಟ್ಟುಕೊಳ್ಳಿ. ಇಹ್ರಾಮ್‌ನಲ್ಲಿರುವ ಪುರುಷರು ತಲೆಗೆ ಬಟ್ಟೆ ಹಾಕುವಂತಿಲ್ಲ, ಆದರೆ ಕೊಡೆ ಹಿಡಿಯಬಹುದು. ಸೌದಿಯ ಆರೋಗ್ಯ ಇಲಾಖೆಯೂ ಕೊಡೆ ಬಳಸಲು ಹೇಳುತ್ತದೆ. ಅಶಕ್ತರಿಗೆ ಶರೀಅತ್‌ನಲ್ಲಿ ರಿಯಾಯಿತಿಗಳಿವೆ. ಅವುಗಳನ್ನು ಉಲಮಾಗಳಿಂದ ಮೊದಲೇ ಕೇಳಿ ತಿಳಿದುಕೊಳ್ಳಿ. ರಿಯಾಯಿತಿ ಬಳಸಿಕೊಳ್ಳುವುದು ಭಕ್ತಿಯ ಕೊರತೆಯಲ್ಲ.

ದುಡಿಯಲು ಹೋಗುವ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚಿರಬಾರದು, ದಿನಕ್ಕೆ ಅಷ್ಟಷ್ಟೇ ಹೆಚ್ಚಿಸಬೇಕು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಬಿಸಿಲಿನ ಸಾವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಸೇರಿದ ಮೊದಲ ದಿನಗಳಲ್ಲಿಯೇ ಆಗುತ್ತವೆ. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಯಲು ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ರಜೆ ಮುಗಿಸಿ ಊರಿನಿಂದ ಮರಳಿದವರೂ ಬಿಸಿಲಿಗೆ ಹೊಸಬರೇ ಎಂಬುದು ನೆನಪಿರಲಿ.

ಊರಿನಲ್ಲಿರುವವರು ಮಜ್ಜಿಗೆ, ರಾಗಿ ಅಂಬಲಿ, ಎಳನೀರು ಕುಡಿಯುವುದನ್ನು ಬಿಡಬಾರದು. ಹೆಚ್ಚು ಬೆವರಿದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕುಡಿಯಬಹುದು. ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಎಂದರ್ಥ. ಉಪವಾಸದ ದಿನಗಳಲ್ಲಿ ಇಫ್ತಾರ್‌ನಿಂದ ಸಹರಿಯವರೆಗೆ ನೀರನ್ನು ಹಂಚಿ ಕುಡಿಯಿರಿ. ಉಪವಾಸದಲ್ಲಿರುವಾಗ ಬಿಸಿಲಿಗೆ ತಲೆಸುತ್ತಿ ಮಾತು ತೊದಲಿದರೆ ಅದು ಕಾಯಿಲೆ. ಕಾಯಿಲೆಯವರಿಗೆ ಉಪವಾಸ ಬಿಡುವ ಅನುಮತಿಯಿದೆ.

ಒಂದು ಎಚ್ಚರಿಕೆ: ಒಗ್ಗಿಕೊಂಡ ದೇಹಕ್ಕೂ ಮಿತಿಯಿದೆ. “ನನಗೆ ಬಿಸಿಲು ಹೊಸದಲ್ಲ” ಎಂದು ನೀರು, ನೆರಳು, ವಿಶ್ರಾಂತಿ ಬಿಟ್ಟವರೂ ಕುಸಿದು ಬೀಳುತ್ತಾರೆ.

ಮೊದಲ ಅರ್ಧ ಗಂಟೆ

ಬಿಸಿಲಿನಲ್ಲಿದ್ದವರು ಇದ್ದಕ್ಕಿದ್ದಂತೆ ಅಸಂಬದ್ಧ ಮಾತನಾಡಿದರೆ, ತೂರಾಡಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಬಿಸಿಲಾಘಾತವೆಂದೇ ತಿಳಿಯಿರಿ. ಬೆವರುತ್ತಿದ್ದರೂ ಬಿಸಿಲಾಘಾತ ಆಗಿರಬಹುದು. ಹಂದರ ಕುಸಿದ ಕೋಶ ಉಳಿಯುವುದು ಬಿಸಿ ಎಷ್ಟು ಹೊತ್ತು ಉಳಿಯಿತು ಎಂಬುದರ ಮೇಲೆ ಎಂದು ಆಗಲೇ ಹೇಳಿದೆವು. ಆದ್ದರಿಂದ ಮೊದಲು ತಂಪು ಮಾಡಿ. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಅರ್ಧ ಗಂಟೆಯೊಳಗೆ ಮೈಯ ಬಿಸಿ 39 ಡಿಗ್ರಿಯ ಸುತ್ತಮುತ್ತ ಇಳಿದರೆ ಬದುಕುವ ಅವಕಾಶ ಬಹಳ ಹೆಚ್ಚು.

ಹೇಗೆ ತಂಪು ಮಾಡುವುದು? 1980ರಲ್ಲಿ ಮುಸ್ತಫಾ ಖೋಗಲಿ ಮತ್ತು ಜೆ. ಎಸ್. ವೀನರ್ ಎಂಬ ವೈದ್ಯವಿಜ್ಞಾನಿಗಳು ಒಂದು ಸಾಧನವನ್ನು ಪ್ರಕಟಿಸಿದರು. ಅದು ಮಕ್ಕಾದ ಹೆಸರಿನಿಂದಲೇ ಪ್ರಸಿದ್ಧವಾಯಿತು. ರೋಗಿಯನ್ನು ಬಲೆಯ ಮಂಚದ ಮೇಲೆ ಮಲಗಿಸಿ, ಮೈಮೇಲೆ ನೀರಿನ ತುಂತುರು ಚಿಮುಕಿಸಿ, ಸುತ್ತಲಿಂದ ಗಾಳಿ ಬೀಸುವುದು ಅದರ ವಿಧಾನ. ನೀರು ಆವಿಯಾಗುವಾಗ ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಮನೆಯಲ್ಲೂ ಇದನ್ನು ಮಾಡಬಹುದು. ರೋಗಿಯನ್ನು ನೆರಳಿಗೆ ತಂದು, ಹೊರಬಟ್ಟೆ ಸಡಿಲಿಸಿ, ಮೈತುಂಬ ನೀರು ಚಿಮುಕಿಸುತ್ತಾ ಫ್ಯಾನ್ ಹಾಕಿ, ಇಲ್ಲವೇ ಟವೆಲಿನಿಂದ ಬೀಸಿ. ಮಂಜುಗಡ್ಡೆ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಹೆಂಗಸರಾದರೆ ಸುತ್ತ ಸೀರೆ, ಚಾದರ ಹಿಡಿದು ಮರೆ ಮಾಡಿ, ಆದರೆ ಸಂಕೋಚದಿಂದ ತಡ ಮಾಡಬೇಡಿ.

ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯಬಹುದು. ಅದು ಝಂಝಂ ನೀರಾದರೂ ಅಷ್ಟೆ. ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರದಲ್ಲಿ ಮೆದುಳೇ ಮೈಬಿಸಿಯನ್ನು ಏರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಬಿಸಿಲಾಘಾತದಲ್ಲಿ ಬಿಸಿ ಹೊರಗಿನಿಂದಲೂ ದುಡಿಮೆಯಿಂದಲೂ ಬಂದದ್ದು. ಅದಕ್ಕೆ ಮಾತ್ರೆ ನಾಟುವುದಿಲ್ಲ, ನೀರು ಮತ್ತು ಗಾಳಿಯೇ ಮದ್ದು. ಆಂಬುಲೆನ್ಸ್ ಬಂದ ಮೇಲೂ, ಚನ್ನರಾಯಪಟ್ಟಣದ ಆಸ್ಪತ್ರೆಯ ದಾರಿಯುದ್ದಕ್ಕೂ, ತಂಪು ಮಾಡುವುದನ್ನು ನಿಲ್ಲಿಸಬೇಡಿ.

ಕೂದಲಿನ ಸಾವಿರದಲ್ಲೊಂದು ಪಾಲೂ ದಪ್ಪವಿಲ್ಲದ ಎಳೆಗಳು ನಮ್ಮನ್ನು ಎತ್ತಿ ಹಿಡಿದಿವೆ. ಅವು ಮುರಿದಾಗ ಮತ್ತೆ ಕಟ್ಟುವ ಕೆಲಸಗಾರರನ್ನೂ ಸೃಷ್ಟಿಕರ್ತನು ನಮ್ಮೊಳಗೇ ಇಟ್ಟಿದ್ದಾನೆ. ಆ ಕೆಲಸಗಾರರು ನಮ್ಮಿಂದ ಕೇಳುವುದು ಎರಡನ್ನೇ: ಬಿಸಿಲಿಗೆ ಹೋಗುವ ಮುನ್ನ ಸಿದ್ಧರಾಗಲು ಹತ್ತು ದಿನ, ಪೆಟ್ಟು ಬಿದ್ದಾಗ ತಡವಿಲ್ಲದೆ ಒಂದು ಬಕೆಟ್ ನೀರು. ಈ ಬಾರಿ ನಿಮ್ಮ ಮನೆಯಿಂದ ಯಾರಾದರೂ ಯಾತ್ರೆಗೋ ದುಡಿಮೆಗೋ ಹೊರಡುವವರಿದ್ದರೆ, ಪೆಟ್ಟಿಗೆ ಕಟ್ಟುವುದಕ್ಕಿಂತ ಮೊದಲು ಅವರ ಕೈಹಿಡಿದು ನಾಳೆ ಬೆಳಿಗ್ಗೆಯೇ ಒಂದು ಸುತ್ತು ನಡೆಸಿಕೊಂಡು ಬನ್ನಿ.